ಬಹುಮಾನ ಸಾಕು, ಆರ್ಡರ್ ಕೊಡಿ

ಐದು ವರ್ಷದಲ್ಲಿ 25,000 ಸ್ಟಾರ್ಟಪ್, ಅದರಲ್ಲಿ 10,000 ಬೆಂಗಳೂರಿನ ಆಚೆ. 2025ರ ನವೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ 2025-30ರ ಸ್ಟಾರ್ಟಪ್ ನೀತಿಯ ಗುರಿ ಇದು. ಇದಕ್ಕೆಂದು ತೆಗೆದಿಟ್ಟ ಹಣ 518.27 ಕೋಟಿ ರೂಪಾಯಿ. ಸುದ್ದಿ ಓದಿದ ದಿನ ಶಹಾಪುರ, ಸುರಪುರ, ಯಾದಗಿರಿಯ ಪಾಲಿಗೆ ಈ 10,000ದಲ್ಲಿ ಎಷ್ಟು ಬಂದೀತು ಎಂದು ಕಾಗದದ ಮೇಲೆ ಗುಣಾಕಾರ ಭಾಗಾಕಾರ ಮಾಡುತ್ತಾ ಕುಳಿತೆ. ಲೆಕ್ಕ ನನ್ನ ಹೊಟ್ಟೆಪಾಡು. ಶಹಾಪುರದಲ್ಲಿ ಜಿಎಸ್‌ಟಿ, ಆದಾಯ ತೆರಿಗೆ ರಿಟರ್ನ್ ತುಂಬಿಕೊಡುವ ತೆರಿಗೆ ಸಲಹೆಗಾರ ನಾನು. ನನ್ನಲ್ಲಿಗೆ ಬರುವವರು ಹತ್ತಿ ಜಿನ್ನಿಂಗ್‌ನವರು, ದಾಲ್ ಮಿಲ್‌ನವರು, ಗೊಬ್ಬರದಂಗಡಿಯವರು, ಲೇತ್ ಮತ್ತು ವೆಲ್ಡಿಂಗ್ ಅಂಗಡಿಯವರು. ಟೆಂಡರ್ ಅರ್ಜಿ, ಉದ್ಯಮ್ ನೋಂದಣಿ, ಡಿಜಿಟಲ್ ಸಹಿ ಎಲ್ಲವೂ ನನ್ನ ಮೇಜಿನ ಮೇಲೆಯೇ ಹಾದುಹೋಗುತ್ತವೆ. ಹಾಗಾಗಿ ಸರ್ಕಾರ ಹೊಸತನಕ್ಕೆ ಕೊಡುವ ಬೆಂಬಲ ಎಲ್ಲಿ ಬಂದು ನಿಲ್ಲುತ್ತದೆ ಎಂಬುದು ನನಗೆ ಭಾಷಣಗಳಿಗಿಂತ ಅರ್ಜಿ ನಮೂನೆಗಳಿಂದಲೇ ಹೆಚ್ಚು ಗೊತ್ತು.

ಸರ್ಕಾರ ಏನೂ ಮಾಡುತ್ತಿಲ್ಲ ಎಂದು ಹೇಳಲು ಈ ಲೇಖನ ಬರೆಯುತ್ತಿಲ್ಲ. ಸ್ಟಾರ್ಟಪ್‌ಗಳಿಗೆಂದೇ ಮೊದಲು ನೀತಿ ಮಾಡಿದ ರಾಜ್ಯಗಳ ಸಾಲಿನಲ್ಲಿ 2015ರಲ್ಲೇ ಕರ್ನಾಟಕವಿತ್ತು. ಕೇಂದ್ರದ ಸ್ಟಾರ್ಟಪ್ ಇಂಡಿಯಾ ಶುರುವಾದದ್ದು 2016ರ ಜನವರಿ 16ರಂದು. 2017ರಿಂದ ನಡೆಯುತ್ತಿರುವ ರಾಜ್ಯದ ಎಲಿವೇಟ್ ಸ್ಪರ್ಧೆಯಲ್ಲಿ ಗೆದ್ದವರಿಗೆ 50 ಲಕ್ಷದವರೆಗೆ ಅನುದಾನ ಸಿಗುತ್ತದೆ. ಅದು ಸಾಲವಲ್ಲ, ಸರ್ಕಾರ ಷೇರನ್ನೂ ಕೇಳುವುದಿಲ್ಲ. ನಮ್ಮ ಭಾಗಕ್ಕೆಂದು ಎಲಿವೇಟ್ ಕಲ್ಯಾಣ ಕರ್ನಾಟಕ ಎಂಬ ಪ್ರತ್ಯೇಕ ಸ್ಪರ್ಧೆಯೂ ಆಯಿತು. ಕೇಂದ್ರದ ಸೀಡ್ ಫಂಡ್ ಯೋಜನೆ 2021ರಲ್ಲಿ ಬಂತು, 945 ಕೋಟಿಯದು. ಜೈವಿಕ ತಂತ್ರಜ್ಞಾನಕ್ಕೆ ಬೈರಾಕ್ ಇದೆ, ಶಾಲಾ ಮಕ್ಕಳಿಗೆ ಅಟಲ್ ಟಿಂಕರಿಂಗ್ ಲ್ಯಾಬ್ ಇದೆ. ಪಟ್ಟಿ ಇನ್ನೂ ಉದ್ದವಿದೆ, ಓದುಗರಿಗೆ ಬೇಸರ ಬರುವ ಮೊದಲು ನಿಲ್ಲಿಸುತ್ತೇನೆ.

ಈ ಪಟ್ಟಿಯಲ್ಲಿ ಇರುವುದೆಲ್ಲ ಕೊಡುಗೆ. ಕೊಳ್ಳುವ ಮಾತು ಹುಡುಕಿದರೂ ಸಿಗುವುದು ಕಷ್ಟ. ನನ್ನ ತಕರಾರು ಅಷ್ಟೇ. ನಮ್ಮಂಥ ಊರಿನಲ್ಲಿ ಹೊಸದೇನಾದರೂ ಮಾಡುವವನಿಗೆ ಬೇಕಾದದ್ದು ಮೊದಲ ಗಿರಾಕಿ. ಯಾದಗಿರಿ ಜಿಲ್ಲೆಯಲ್ಲಿ ಸರ್ಕಾರಕ್ಕಿಂತ ದೊಡ್ಡ ಗಿರಾಕಿ ಯಾರಿದ್ದಾರೆ? ಕಾಲುವೆ ಅದರದ್ದು, ಆಸ್ಪತ್ರೆ ಅದರದ್ದು, ಶಾಲೆ, ವಸತಿ ನಿಲಯ, ರೈತ ಸಂಪರ್ಕ ಕೇಂದ್ರ, ಬೀದಿ ದೀಪ, ಕುಡಿಯುವ ನೀರಿನ ಘಟಕ ಎಲ್ಲವೂ ಅದರದ್ದೇ. ಆ ಗಿರಾಕಿ ಒಂದು ಕೈಯಲ್ಲಿ ಬಹುಮಾನದ ಚೆಕ್ ಹಿಡಿದು, ಇನ್ನೊಂದು ಕೈಯಿಂದ ದೊಡ್ಡ ಪೇಟೆಯ ದೊಡ್ಡ ಕಂಪನಿಯ ಮಾಲಿಗೆ ಆರ್ಡರ್ ಬರೆಯುತ್ತಿದೆ.

ಒಂದು ಉದಾಹರಣೆ ಕೊಡುತ್ತೇನೆ. ನನ್ನ ಹತ್ತಿರ ಲೆಕ್ಕ ಬರೆಸುವ ವೆಲ್ಡಿಂಗ್ ಅಂಗಡಿಯವರೊಬ್ಬರು ತೊಗರಿ ಕುಡಿ ಚಿವುಟುವ ಯಂತ್ರ ಮಾಡುತ್ತಾರೆ. ತೊಗರಿ ಬೆಳೆಯದ ಊರಿನ ಓದುಗರಿಗೆ ಸ್ವಲ್ಪ ಹೇಳಬೇಕು. ಬಿತ್ತಿ ಸುಮಾರು 50 ದಿನವಾದಾಗ ಗಿಡದ ತುದಿಯ ಕುಡಿ ಚಿವುಟಿದರೆ ಪಕ್ಕದ ಟೊಂಗೆಗಳು ಒಡೆಯುತ್ತವೆ, ಹೂವು ಕಾಯಿ ಹೆಚ್ಚು ನಿಲ್ಲುತ್ತವೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದವರು, ಕೃಷಿ ವಿಜ್ಞಾನ ಕೇಂದ್ರದವರು ಇದನ್ನು ವರ್ಷಗಳಿಂದ ರೈತರಿಗೆ ಹೇಳುತ್ತಾ ಬಂದಿದ್ದಾರೆ. ಕೈಯಲ್ಲಿ ಚಿವುಟಲು ಆಳು ಸಿಗುವುದಿಲ್ಲ. ಸಿಕ್ಕರೂ ಆ ವಾರ ಎಲ್ಲರ ಹೊಲಕ್ಕೂ ಅವರೇ ಬೇಕು. ಅದಕ್ಕೇ ಬ್ಯಾಟರಿ ಯಂತ್ರ ಬಂತು. ಔಷಧ ಹೊಡೆಯುವ ಪಂಪಿನ ಬ್ಯಾಟರಿ ಬೆನ್ನಿಗೆ, ಕೈಯಲ್ಲಿ ಪೈಪು, ಪೈಪಿನ ತುದಿಗೆ ಸಣ್ಣ ಮೋಟಾರು, ಮೋಟಾರಿಗೆ ಬ್ಲೇಡು.

ನಮ್ಮವರು ಮಾಡಿದ್ದು ಇಷ್ಟು: ತುದಿಯಲ್ಲಿದ್ದ ಮೋಟಾರನ್ನು ಹಿಡಿಕೆಯ ಹತ್ತಿರಕ್ಕೆ ತಂದರು, ಅಲ್ಲಿಂದ ಬ್ಲೇಡಿನವರೆಗೆ ಉದ್ದನೆಯ ಶಾಫ್ಟ್ ಹಾಕಿದರು. ತೂಕ ಮೈ ಕಡೆಗೆ ಬಂದದ್ದರಿಂದ ಮಧ್ಯಾಹ್ನದ ಹೊತ್ತಿಗೆ ಮುಂಗೈ ಸೋಲುವುದು ಕಡಿಮೆಯಾಯಿತು. ಆಮೇಲೆ ಬ್ಲೇಡಿನ ಸುತ್ತ ಎಣ್ಣೆ ಡಬ್ಬಿಯ ತಗಡು ಬಗ್ಗಿಸಿ ಗಾರ್ಡ್ ಕೂರಿಸಿದರು. ಏಕೆಂದರೆ ಈ ಯಂತ್ರ ಹಿಡಿಯುವವರು ಹೆಚ್ಚಾಗಿ ಹೆಣ್ಣುಮಕ್ಕಳು, ಸೀರೆಯ ಸೆರಗು ಹಾರಿ ಬ್ಲೇಡಿಗೆ ಸಿಗುವ ಭಯ. ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಬಿಡಿಸಿದವರಿಗೆ ಸೆರಗು ಹೊಳೆದಿರಲಿಕ್ಕಿಲ್ಲ. ಇವರಿಗೆ ಹೊಳೆದದ್ದು ಮನೆಯವರು ಹೊಲಕ್ಕೆ ಹೋಗಿ ಬಂದು ಬೈದದ್ದರಿಂದ.

ಇದನ್ನು ಸ್ಟಾರ್ಟಪ್ ಎನ್ನಬಹುದೇ? ಕಾನೂನು ಎನ್ನುವುದಿಲ್ಲ. ಕೇಂದ್ರದ ಮಾನ್ಯತೆ ಬೇಕೆಂದರೆ ಪ್ರೈವೇಟ್ ಲಿಮಿಟೆಡ್ ಕಂಪನಿಯೋ, ನೋಂದಾಯಿತ ಪಾಲುದಾರಿಕೆ ಸಂಸ್ಥೆಯೋ, ಎಲ್‌ಎಲ್‌ಪಿಯೋ, ಅಂಥ ಇನ್ನೊಂದು ನೋಂದಾಯಿತ ಸಂಸ್ಥೆಯೋ ಆಗಿರಬೇಕು. ಒಬ್ಬರೇ ಮಾಲೀಕರಾಗಿರುವ ಅಂಗಡಿಗೆ ಅಲ್ಲಿ ಜಾಗವಿಲ್ಲ. ಸರಿ, ಅಂಗಡಿಯನ್ನೇ ಕಂಪನಿ ಮಾಡೋಣವೆಂದರೆ ಇನ್ನೊಂದು ಷರತ್ತು ಎದುರು ನಿಲ್ಲುತ್ತದೆ: ಈಗಾಗಲೇ ಇರುವ ವ್ಯವಹಾರವನ್ನು ಒಡೆದೋ ಮರುರಚಿಸಿಯೋ ಹುಟ್ಟಿದ ಸಂಸ್ಥೆಯನ್ನು ಸ್ಟಾರ್ಟಪ್ ಎಂದು ಪರಿಗಣಿಸುವುದಿಲ್ಲ. ತೆರಿಗೆ ರಜೆಗಾಗಿ ಹಳೆ ಕಂಪನಿಗಳು ಹೊಸ ಬೋರ್ಡ್ ಹಾಕಿಕೊಳ್ಳಬಾರದೆಂದು ಮಾಡಿದ ನಿಯಮ ಅದು, ಕಾರಣ ಸರಿಯಾಗಿಯೇ ಇದೆ. ಆದರೆ ಹಳ್ಳಿ ಪೇಟೆಯಲ್ಲಿ ಹೊಸ ಯಂತ್ರ ಹುಟ್ಟುವುದೇ ಹಳೆ ಅಂಗಡಿಯಲ್ಲಿ. ಇಷ್ಟನ್ನೂ ವಿವರಿಸಿ, ಕಂಪನಿ ಮಾಡಿದರೆ ಪ್ರತಿ ವರ್ಷ ಆಡಿಟ್, ಕಂಪನಿ ರಿಜಿಸ್ಟ್ರಾರ್‌ಗೆ ವರದಿ, ತಡವಾದರೆ ದಂಡ ಎಂದು ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಕಂಪನಿ ಮಾಡಿದ್ರ ಮಷೀನ್ ಇನ್ನಾ ಚೊಲೋ ಆಗ್ತದೇನ್ರಿ ಸರ?’

ಸಬ್ಸಿಡಿಯ ದಾರಿಯೂ ಹೀಗೆಯೇ. ಕೃಷಿ ಇಲಾಖೆ ಯಂತ್ರಗಳಿಗೆ ಸಾಮಾನ್ಯ ವರ್ಗದ ರೈತರಿಗೆ ಶೇ 50, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 90ರಷ್ಟು ಸಹಾಯಧನ ಕೊಡುತ್ತದೆ. ಒಳ್ಳೆಯ ಯೋಜನೆ. ಆದರೆ ಯಂತ್ರ ಮಾನ್ಯತೆ ಪಡೆದ ಕೇಂದ್ರದಲ್ಲಿ ಪರೀಕ್ಷೆಯಾಗಿರಬೇಕು, ಕಂಪನಿ ಇಲಾಖೆಯ ಪಟ್ಟಿಯಲ್ಲಿರಬೇಕು. ಕೇಂದ್ರ ಸರ್ಕಾರದ ದಕ್ಷಿಣ ವಲಯದ ಕೃಷಿ ಯಂತ್ರ ಪರೀಕ್ಷಾ ಸಂಸ್ಥೆ ಇರುವುದು ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ. ಪರೀಕ್ಷೆ ಬೇಡ ಎಂದು ನಾನು ಹೇಳುವುದಿಲ್ಲ. ತಿರುಗುವ ಬ್ಲೇಡಿಗೆ ಪರೀಕ್ಷೆ ಬೇಕೇಬೇಕು. ಆದರೆ ಶಹಾಪುರದ ಮಗ್ಗುಲಲ್ಲೇ, ಭೀಮರಾಯನಗುಡಿಯಲ್ಲಿ, ರಾಯಚೂರು ವಿಶ್ವವಿದ್ಯಾಲಯದ ಕೃಷಿ ಕಾಲೇಜಿದೆ, ಹೊಲವಿದೆ, ಓದಿದ ಮೇಷ್ಟ್ರುಗಳಿದ್ದಾರೆ. ಚಿಕ್ಕ ಕೈಯಂತ್ರಗಳ ಪ್ರಾಥಮಿಕ ಪರೀಕ್ಷೆಯನ್ನು ಅಲ್ಲಿಯೇ ಮಾಡಿ, ಒಂದು ಹಂಗಾಮಿನ ಮಟ್ಟಿಗೆ ತಾತ್ಕಾಲಿಕ ಮಾನ್ಯತೆ ಕೊಡುವಂತೆ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಖಜಾನೆಗೆ ಎಷ್ಟು ಖರ್ಚು? ನನ್ನ ಲೆಕ್ಕದಲ್ಲಿ ಕಾಗದದ ಖರ್ಚು.

ಕಾಲುವೆಯ ವಿಷಯಕ್ಕೆ ಬರದೆ ಯಾದಗಿರಿ ಜಿಲ್ಲೆಯ ತಂತ್ರಜ್ಞಾನದ ಮಾತು ಮುಗಿಯುವುದಿಲ್ಲ. 1982ರಲ್ಲಿ ಪೂರ್ಣಗೊಂಡ ನಾರಾಯಣಪುರದ ಬಸವಸಾಗರದಿಂದ ಹೊರಡುವ ಎಡದಂಡೆ ಕಾಲುವೆ, ಅದರ ಶಹಾಪುರ, ಮುಡಬಾಳ, ಜೇವರ್ಗಿ ಶಾಖಾ ಕಾಲುವೆಗಳು ನಮ್ಮ ಜೀವನಾಡಿ. 2023ರ ಜನವರಿ 19ರಂದು ಪ್ರಧಾನಿ ಕೊಡೇಕಲ್‌ಗೆ ಬಂದು ಈ ಕಾಲುವೆಯ ವಿಸ್ತರಣೆ ಮತ್ತು ಆಧುನೀಕರಣವನ್ನು ಲೋಕಾರ್ಪಣೆ ಮಾಡಿದರು. ಸುಮಾರು 4,700 ಕೋಟಿಯ ಯೋಜನೆ, 10,000 ಕ್ಯುಸೆಕ್ ಸಾಮರ್ಥ್ಯ, ನಾಲ್ಕೂವರೆ ಲಕ್ಷ ಹೆಕ್ಟೇರ್ ಅಚ್ಚುಕಟ್ಟು. ಕಾಲುವೆಗೆ ಸ್ಕಾಡಾ ಗೇಟುಗಳು ಬಂದವು. ಸೋಲಾರ್ ಫಲಕ ಹೊತ್ತು, ನೀರು ಎಷ್ಟು ಹರಿಯಿತೆಂದು ತಾವೇ ಅಳೆದು, ದೂರದ ಕಂಪ್ಯೂಟರಿನ ಮಾತು ಕೇಳಿ ಏರಿಳಿಯುವ ಗೇಟುಗಳು. ತಂತ್ರಜ್ಞಾನ ಆಸ್ಟ್ರೇಲಿಯಾದ ರುಬಿಕಾನ್ ಕಂಪನಿಯದು. ಹೊರಗಿನದ್ದೆಂದು ನಾನು ಮೂಗು ಮುರಿಯುವುದಿಲ್ಲ. ಅಷ್ಟು ದೊಡ್ಡ ಕಾಲುವೆಯನ್ನು ಒಂದೇ ಏಟಿಗೆ ಬದಲಿಸಲು ಅನುಭವಿ ಕೈಯೇ ಬೇಕು, ನಮ್ಮ ವೆಲ್ಡಿಂಗ್ ಅಂಗಡಿಗೆ ಅದು ಆಗದ ಮಾತು.

ಆದರೆ ಗೇಟಿನ ಕೆಳಗೂ ನೀರು ಹರಿಯಬೇಕಲ್ಲ. ಲ್ಯಾಟರಲ್ ಎಂಬ ಕವಲು ಕಾಲುವೆಯಿಂದ ತೂಬು, ತೂಬಿನಿಂದ ಹೊಲಗಾಲುವೆ, ಹೊಲಗಾಲುವೆಯಿಂದ ಕೊನೆಯ ರೈತನ ಭತ್ತದ ಗದ್ದೆ. ಜಗಳ ಇರುವುದು ಅಲ್ಲಿ. ನೀರಾವರಿ ಸಲಹಾ ಸಮಿತಿ ಸರದಿಯಂತೆ ನೀರು ಬಿಡುವ ವಾರಾಬಂದಿ ಘೋಷಿಸಿದ ಮೇಲೆ ಪ್ರತಿ ಹಂಗಾಮಿನಲ್ಲೂ ಕೊನೆ ಭಾಗದ ರೈತರು ಭೀಮರಾಯನಗುಡಿಯ ಕೃಷ್ಣಾ ಭಾಗ್ಯ ಜಲ ನಿಗಮದ ಕಚೇರಿ ಮುಂದೆ ಬಂದು ಕೂರುವುದು ಏಕೆಂದರೆ ಮೇಲಿನವರು ಎಷ್ಟು ತೆಗೆದುಕೊಂಡರು, ನಮಗೆ ಎಷ್ಟು ಬಂತು ಎಂದು ಎರಡೂ ಕಡೆಯವರು ಒಪ್ಪುವ ಅಳತೆ ಆ ಮಟ್ಟದಲ್ಲಿ ಇಲ್ಲ. ಅಲ್ಲಿಗೆ ಬೇಕಾದ ಸಾಧನ ಸರಳವಾದದ್ದು: ಹೊಲಗಾಲುವೆಯಲ್ಲಿ ಕೂರಿಸುವ ಅಳತೆಯ ಚೌಕಟ್ಟು, ನೀರಿನ ಮಟ್ಟ ಓದುವ ಸೆನ್ಸರ್, ರೈತರ ಮೊಬೈಲಿಗೆ ಒಂದು ಸಂದೇಶ. ಹೂಳು ತುಂಬಿದರೆ ಬಿಚ್ಚಿ ತೊಳೆಯುವಂತಿರಬೇಕು, ಕಳ್ಳರು ಒಯ್ದರೆ ಮಾರನೇ ದಿನ ಹೊಸದು ಹಾಕುವಂತಿರಬೇಕು, ಅಂದರೆ ಅಗ್ಗವಿರಬೇಕು, ಇಲ್ಲೇ ರಿಪೇರಿಯಾಗಬೇಕು. ಸುರಪುರದ ಎಂಜಿನಿಯರಿಂಗ್ ಕಾಲೇಜಿನ ಹುಡುಗರೂ ಶಹಾಪುರದ ಲೇತ್ ಅಂಗಡಿಯವರೂ ಸೇರಿದರೆ ಮಾಡಬಲ್ಲ ಕೆಲಸ ಇದು. ಮಾಡುವುದಿಲ್ಲ, ಏಕೆಂದರೆ ಕೊಳ್ಳುವವರಿಲ್ಲ. ರೈತ ಒಬ್ಬನೇ ಕೊಂಡು ಏನು ಮಾಡುತ್ತಾನೆ? ಕೊಳ್ಳಬೇಕಾದದ್ದು ನಿಗಮ. ನಿಗಮ ಕೊಳ್ಳುವುದು ಕಾಮಗಾರಿ ಪ್ಯಾಕೇಜ್ ಲೆಕ್ಕದಲ್ಲಿ, ಕೋಟಿಗಳಲ್ಲಿ.

ಕಾನೂನಿನ ಬಿರುಕು ಕೂಡ ಇಲ್ಲಿಯೇ ಇದೆ. ಕೇಂದ್ರದ ಇಲಾಖೆಗಳು ತಮ್ಮ ಖರೀದಿಯಲ್ಲಿ ಒಂದು ಪಾಲನ್ನು (ಈಗ ಶೇ 25) ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದಲೇ ಮಾಡಬೇಕೆಂಬ ಆದೇಶ 2012ರದ್ದು. ಸ್ಟಾರ್ಟಪ್‌ಗಳಿಗೆ ಹಿಂದಿನ ವಹಿವಾಟು, ಅನುಭವ ಕೇಳದೆ ಇರಬಹುದು, ಇಎಂಡಿ (ಟೆಂಡರ್ ಠೇವಣಿ) ಬೇಡ ಎಂಬ ರಿಯಾಯಿತಿಯೂ ಕೇಂದ್ರದ ಹಣಕಾಸು ನಿಯಮಗಳಲ್ಲಿದೆ. ಆದರೆ 2012ರ ಆದೇಶ ಸರಕು ಮತ್ತು ಸೇವೆಗೆ ಮಾತ್ರ, ಕಾಮಗಾರಿಗೆ ಅನ್ವಯಿಸುವುದಿಲ್ಲ. ಸೆನ್ಸರನ್ನು ಕಾಂಕ್ರೀಟಿನ ಜೊತೆ ಸೇರಿಸಿ ಒಂದೇ ಕಾಮಗಾರಿ ಮಾಡಿಬಿಟ್ಟರೆ ಸಣ್ಣವರಿಗೆ ಬಾಗಿಲು ಮುಚ್ಚಿತು. ಇದು ಕೇಂದ್ರದ ಮಾತು. ನಿಗಮವೂ ಸೇರಿ ರಾಜ್ಯದ ಖರೀದಿಗೆ 1999ರ ಪಾರದರ್ಶಕ ಕಾಯ್ದೆ ಇದೆ. ಅದರ ಅಡಿಯಲ್ಲಿ ಟೆಂಡರ್ ನಮೂನೆ ತುಂಬುವಾಗಲೆಲ್ಲ ನಾನು ನಿಲ್ಲುವ ಕಾಲಂ ಒಂದೇ: ಇದೇ ಬಗೆಯ ಕೆಲಸ ಹಿಂದೆ ಎಷ್ಟು ಮೊತ್ತಕ್ಕೆ ಮಾಡಿದ್ದೀರಿ? ಹೊಸದನ್ನು ಮಾಡಿದವನು ಅಲ್ಲಿ ಏನು ಬರೆಯಬೇಕು?

ಸರ್ಕಾರ ಗಿರಾಕಿಯಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಪಾಠವಿದೆ. 1984ರಲ್ಲಿ ಕೇಂದ್ರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಹುಟ್ಟಿತು. 36 ತಿಂಗಳು, 36 ಕೋಟಿ ಎಂಬ ಮಾತು ಆಗ ಮನೆಮಾತಾಗಿತ್ತು. ಸ್ಯಾಮ್ ಪಿತ್ರೋಡಾ, ಜಿ.ಬಿ. ಮೀಮಾಂಸಿ ಮುಂದಾಳತ್ವದಲ್ಲಿ ಎಂಜಿನಿಯರ್‌ಗಳು 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ಮಾಡಿದರು. ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ಏಸಿ ಬೇಕಿತ್ತು, ಇದಕ್ಕೆ ಬೇಡ. ನಮ್ಮ ಬಿಸಿಲು, ನಮ್ಮ ದೂಳು ತಡೆಯುವಂತೆ ಮಾಡಿದ್ದು. ಅದರ ಮೊದಲನೆಯದು 1986ರ ಜುಲೈನಲ್ಲಿ ಕೂತದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಆಮೇಲೆ ದೂರಸಂಪರ್ಕ ಇಲಾಖೆ ಕೊಳ್ಳುತ್ತಾ ಹೋಯಿತು, ಸರ್ಕಾರಿ ಕಾರ್ಖಾನೆಗಳೂ ಖಾಸಗಿಯವರೂ ಲೈಸೆನ್ಸ್ ಪಡೆದು ತಯಾರಿಸಿದರು, ಸಾವಿರಾರು ಹಳ್ಳಿಗಳಿಗೆ ಫೋನು ಬಂತು. ಕಿತ್ತೂರಿನ ಎಕ್ಸ್‌ಚೇಂಜ್‌ಗೆ ಒಂದು ಫಲಕ, ಒಂದು ಶಾಲು, 50 ಲಕ್ಷದ ಚೆಕ್ ಕೊಟ್ಟು ಫೋಟೊ ತೆಗೆಸಿಕೊಂಡು ಇಲಾಖೆ ವಿದೇಶಿ ಯಂತ್ರವನ್ನೇ ಕೊಂಡಿದ್ದರೆ ಏನಾಗುತ್ತಿತ್ತು?

ಏನಾಗುತ್ತಿತ್ತು ಎಂಬುದಕ್ಕೂ ಬೆಂಗಳೂರಿನಲ್ಲೇ ಉತ್ತರ ಇದೆ. ಐಐಎಸ್‌ಸಿಯ ಮೇಷ್ಟ್ರುಗಳೂ ಎನ್‌ಕೋರ್ ಕಂಪನಿಯವರೂ ಸೇರಿ ಸ್ಮಾರ್ಟ್‌ಫೋನ್ ಇನ್ನೂ ಮನೆಮನೆಗೆ ಬರದ ಕಾಲದಲ್ಲಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ಮಾಡಿದರು. ಜಗತ್ತಿನ ಪತ್ರಿಕೆಗಳು ಕೊಂಡಾಡಿದವು. ಕೊಂಡಾಡಿದವರು ಬಹಳ, ಕೊಂಡವರು ಕಡಿಮೆ. ಅದು ಸೋತದ್ದಕ್ಕೆ ಬೇರೆ ಕಾರಣಗಳೂ ಇರಬಹುದು, ಬೆಲೆ ಒಂದು ಕಾರಣ. ಆದರೆ ದೊಡ್ಡ ಗಿರಾಕಿ ಸಿಕ್ಕಿದ್ದರೆ ಬೆಲೆಯೂ ಇಳಿಯುತ್ತಿತ್ತು.

ರಕ್ಷಣಾ ಇಲಾಖೆ ಈ ಪಾಠ ಕಲಿತಂತಿದೆ. 2018ರಲ್ಲಿ ಶುರುವಾದ ಐಡೆಕ್ಸ್ ಯೋಜನೆಯಲ್ಲಿ ಸೇನೆ ತನಗೇನು ಬೇಕೆಂದು ಮೊದಲು ಹೇಳುತ್ತದೆ, ಮಾಡಿ ತೋರಿಸಲು ಹಣ ಕೊಡುತ್ತದೆ, ಮಾಡಿದ್ದು ಸರಿಯಾದರೆ ಕೊಳ್ಳಲು ದಾರಿಯೂ ಇದೆ. ಸೇನೆಗೆ ಆಗುವುದು ನೀರಾವರಿ ನಿಗಮಕ್ಕೆ ಏಕಾಗದು? 2020ರ ಕರ್ನಾಟಕ ನಾವೀನ್ಯ ಪ್ರಾಧಿಕಾರ ಕಾಯ್ದೆಯ ಉದ್ದೇಶವೇ ಹೊಸ ತಂತ್ರಜ್ಞಾನವನ್ನು ನಿಯಮಗಳ ಅಡ್ಡಿ ಸಡಿಲಿಸಿ ಪ್ರಯೋಗಿಸಲು ಅವಕಾಶ ಕೊಡುವುದು. ಆ ಕಾಯ್ದೆಯನ್ನು ಹಿಡಿದುಕೊಂಡು ಮುಡಬಾಳ ಶಾಖಾ ಕಾಲುವೆಯ ಒಂದು ಲ್ಯಾಟರಲ್ ಅನ್ನು ಪ್ರಯೋಗದ ಲ್ಯಾಟರಲ್ ಎಂದು ನಿಗಮ ಘೋಷಿಸಲಿ. ಯಾರು ಬೇಕಾದರೂ ತಮ್ಮ ಅಳತೆ ಸಾಧನ ತಂದು ಒಂದು ಹಂಗಾಮು ಕೂರಿಸಲಿ. ಯಾವುದು ಹೂಳಿನಲ್ಲೂ ಸುಳ್ಳು ಹೇಳಲಿಲ್ಲವೋ ಅದನ್ನು ಕೊನೆ ಭಾಗದ ರೈತರ ಎದುರಿಗೇ ಆರಿಸಲಿ. ಆರಿಸಿದ್ದನ್ನು ಕೊಳ್ಳಲಿ.

ಅಧಿಕಾರಿಗಳ ಕಷ್ಟವೂ ನನಗೆ ಗೊತ್ತು. ಅತಿ ಕಡಿಮೆ ದರ ಹೇಳಿದವನನ್ನು ಬಿಟ್ಟು ಹೊಸಬನಿಗೆ ಆರ್ಡರ್ ಕೊಟ್ಟ ಎಂಜಿನಿಯರ್ ನಿವೃತ್ತಿಯ ನಂತರವೂ ಆಡಿಟ್ ಆಕ್ಷೇಪಣೆಗೆ ಉತ್ತರ ಬರೆಯುತ್ತಾ ಕೂರಬೇಕು. ಸಾಧನ ಕೆಟ್ಟರೆ ಕೇಳುವುದು ಅವರನ್ನೇ, ಕೆಡದಿದ್ದರೆ ಶಾಲು ಹೊದಿಸುವುದು ಮಂತ್ರಿಗಳಿಗೆ. ಅದಕ್ಕೇ ನಾನು ಕೇಳುತ್ತಿರುವುದು ಅಧಿಕಾರಿಯ ಧೈರ್ಯವನ್ನಲ್ಲ, ಸರ್ಕಾರಿ ಆದೇಶವನ್ನು. ಪ್ರಯೋಗದ ಖರೀದಿಗೆ ಇಂತಿಷ್ಟು ಮಿತಿ, ಅದರಲ್ಲಿ ಸೋತದ್ದು ನಷ್ಟವಲ್ಲ ಎಂದು ಲಿಖಿತವಾಗಿ ಇದ್ದರೆ ಸಹಿ ಹಾಕುವವರು ಸಿಗುತ್ತಾರೆ.

ಹಣ ಎಲ್ಲಿಂದ? ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಎಂದು 2023ರಿಂದ ಬಜೆಟ್‌ನಲ್ಲಿ ಘೋಷಣೆಯಾಗುತ್ತಿದೆ. ಸಂವಿಧಾನದ 371ಜೆ ವಿಧಿ ನಮಗೆ ಸೀಟು ಕೊಟ್ಟಿದೆ, ನೌಕರಿ ಕೊಟ್ಟಿದೆ, ಮಂಡಳಿ ರಸ್ತೆ, ಶಾಲಾ ಕೊಠಡಿ ಕೊಟ್ಟಿದೆ. 2002ರಲ್ಲಿ ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಆಗಿನ ಗುಲಬರ್ಗಾ ವಿಭಾಗದವು. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡಿಮೆ. ಇಂಥ ಕಡೆ ಮೊದಲು ಶಾಲೆ, ಆಮೇಲೆ ಸೆನ್ಸರ್ ಎಂದು ಯಾರಾದರೂ ಹೇಳಿದರೆ ಅದು ಒಪ್ಪುವ ಮಾತೇ. ಆದರೆ ಶಾಲೆಗೆ ಬೆಂಚು, ವಸತಿ ನಿಲಯಕ್ಕೆ ನೀರು ಕಾಯಿಸುವ ಒಲೆ, ಅಂಗನವಾಡಿಗೆ ತೂಕದ ಯಂತ್ರ ಹೇಗಿದ್ದರೂ ಕೊಳ್ಳುತ್ತೇವಲ್ಲ. ಆ ಕೊಳ್ಳುವ ಹಣದಲ್ಲಿ ಚಿಕ್ಕದೊಂದು ಪಾಲು ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ತಯಾರಾದ ಮಾಲಿಗೆ ಮೀಸಲಿರಲಿ. ಬೆಂಗಳೂರಿನಲ್ಲಿ ಕಟ್ಟಡ ಕಟ್ಟಲು ಗುಳೆ ಹೋದ ಹುಡುಗರಲ್ಲಿ ಒಳ್ಳೆಯ ವೆಲ್ಡರ್‌ಗಳು ಎಷ್ಟೋ ಜನ ಇದ್ದಾರೆ. ದೀಪಾವಳಿಗೆ ಊರಿಗೆ ಬಂದವರು ಅಂಗಡಿ ಮುಂದೆ ನಿಂತು, ಇಲ್ಲಿ ಕೆಲಸ ಅದ ಏನ್ರಿ ಎಂದು ಕೇಳಿ ಹೋಗುವುದನ್ನು ನಾನು ಕಂಡಿದ್ದೇನೆ.

ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿದೆ. ಆಧುನಿಕ ಯಂತ್ರಗಳು ಬಂದಿವೆ. ಸಂಜೆ ತರಗತಿ ಮುಗಿದ ಮೇಲೆ ಅವು ಸುಮ್ಮನೆ ನಿಲ್ಲುವ ಬದಲು, ಗಂಟೆಗಿಷ್ಟು ಎಂದು ಬಾಡಿಗೆ ಕಟ್ಟಿಸಿಕೊಂಡು ಹತ್ತಿರದ ಲೇತ್ ಅಂಗಡಿಯವರಿಗೆ ಬಳಸಲು ಬಿಟ್ಟರೆ, ಇನ್‌ಕ್ಯುಬೇಟರ್‌ಗೆಂದು ಹೊಸ ಕಟ್ಟಡ ಕಟ್ಟುವ ಖರ್ಚು ಉಳಿಯಿತು. ನಮಗೆ ಗಾಜಿನ ಕಟ್ಟಡದ ಅಗತ್ಯವಿಲ್ಲ. ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಗೆದು ತೋರಿಸಿದ್ದು ಸುಮಾರು 12 ಲಕ್ಷ ವರ್ಷ ಹಿಂದಿನ ಕೈಗೊಡಲಿ ತಯಾರಿಯ ಜಾಗವನ್ನು. ಸುಣ್ಣಕಲ್ಲು ಸಿಕ್ಕಲ್ಲೇ ಕೂತು ಒಡೆದು ಆಯುಧ ಮಾಡಿಕೊಂಡವರು ಅವರು. ಕಚ್ಚಾಮಾಲು ಇರುವಲ್ಲೇ ಕಾರ್ಖಾನೆ ಎಂಬ ನೀತಿ ಸುರಪುರ ಸೀಮೆಗೆ ಹೊಸದಲ್ಲ.

ಕೊನೆಗೆ ನನ್ನ ಕಸುಬಿನದೇ ಒಂದು ಮಾತು, ಏಕೆಂದರೆ ಆರ್ಡರ್ ಕೊಟ್ಟರೆ ಸಾಲದು, ಬಿಲ್ಲೂ ಪಾಸಾಗಬೇಕು. 2006ರ ಎಂಎಸ್‌ಎಂಇ ಕಾಯ್ದೆಯಂತೆ ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕಾಗದದಲ್ಲಿದ್ದ ಈ ನಿಯಮಕ್ಕೆ ಹಲ್ಲು ಬಂದದ್ದು 2024ರ ಏಪ್ರಿಲ್‌ನಿಂದ, ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಸೇರಿದ ಮೇಲೆ: ಗಡುವು ಮೀರಿದ ಬಾಕಿಯನ್ನು ಕೊಡುವವರೆಗೆ ಖರ್ಚೆಂದು ತೋರಿಸುವಂತಿಲ್ಲ. ಅಂದಿನಿಂದ ಮಾರ್ಚ್ ಬಂತೆಂದರೆ ಮಿಲ್ಲಿನವರೇ ಫೋನ್ ಮಾಡಿ ಯಾರ ಬಾಕಿ ಎಷ್ಟಿದೆ ಎಂದು ಕೇಳುತ್ತಾರೆ. ಸರ್ಕಾರಿ ಇಲಾಖೆ ಮಾತ್ರ ಕೇಳುವುದಿಲ್ಲ, ಅದಕ್ಕೆ ಆದಾಯ ತೆರಿಗೆ ರಿಟರ್ನ್ ತುಂಬುವ ಕಷ್ಟವೇ ಇಲ್ಲವಲ್ಲ. ಬಾಕಿ ವಸೂಲಿಗೆ ಆನ್‌ಲೈನ್ ಪೋರ್ಟಲ್ ಇದೆ. ಆದರೆ ನಾಳೆ ಮತ್ತೆ ಆರ್ಡರ್ ಬೇಕಾದ ಇಲಾಖೆಯ ಮೇಲೆ ಇಂದು ದೂರು ಕೊಡುವ ಅಂಗಡಿಯವನು ನನಗಂತೂ ಇನ್ನೂ ಸಿಕ್ಕಿಲ್ಲ. ಹಾಗಾಗಿ ಪ್ರಯೋಗದ ಖರೀದಿಯ ಹಣವನ್ನು ಆರ್ಡರ್ ಹೊರಡುವ ಮೊದಲೇ ಪ್ರತ್ಯೇಕ ಖಾತೆಗೆ ಹಾಕಿಡಬೇಕು. ಭೀಮರಾಯನಗುಡಿಯ ಕಾಲೇಜು ಮಾಲು ಸರಿ ಇದೆ ಎಂದ 45ನೇ ದಿನಕ್ಕೆ ಅದು ತಾನಾಗಿ ಅಂಗಡಿಯವನ ಖಾತೆಗೆ ಹೋಗಬೇಕು, ಗುಮಾಸ್ತರ ಮೇಜಿಗೆ ಹೋಗಬಾರದು. ಇಂಥದ್ದೊಂದು ಆದೇಶ ಹೊರಟರೆ ಶಹಾಪುರದಿಂದ ಹೋಗುವ ಮೊದಲ ಹತ್ತು ಅರ್ಜಿಗಳನ್ನು ನಾನು ಫೀಸು ತೆಗೆದುಕೊಳ್ಳದೆ ತುಂಬಿಕೊಡುತ್ತೇನೆ.